ಬಾಯಮ್ಮನ ಗೋಧಿ ತೆನೆ

ನಾನು ರವಿಕೆಗಳಿಗೆ ಕಸೂತಿ ಹಾಕುವವಳು. ಮದುಮಗಳ ತೋಳಿಗೆ ನವಿಲು, ಬೆನ್ನಿಗೆ ಕಮಲ, ಅಂಚಿಗೆ ಮಾವಿನಕಾಯಿ, ಇಷ್ಟೇ ನನ್ನ ಲೋಕ. ಅದರಿಂದ ಹೊರಗೆ ಕಾಲಿಟ್ಟದ್ದು ಒಂದೇ ಸಲ, ಪಾದ್ರಿಯೊಬ್ಬರಿಗೆ ಪೂಜಾವಸ್ತ್ರ ಮಾಡಿಕೊಟ್ಟಾಗ. ಆ ಒಂದು ಬಟ್ಟೆ ಕೊಟ್ಟಷ್ಟು ತಲೆಬಿಸಿಯನ್ನು ಉಳಿದ ರವಿಕೆಗಳೆಲ್ಲ ಸೇರಿಯೂ ಕೊಟ್ಟಿಲ್ಲ. ಇವತ್ತಿಗೂ ಅದು ನೆನಪಾದರೆ ಮೊದಲು ಸಿಟ್ಟು ಬರುತ್ತದೆ, ಮಿಕ್ಕದ್ದೆಲ್ಲ ಆಮೇಲೆ.

ಮುಂಬಯಿಯ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ ನಮ್ಮದು ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಕಟ್ಟಡ. ಗಂಡ ಠಾಣೆ ಪೇಟೆಯ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಬೆಳಿಗ್ಗೆ ಇಡ್ಲಿ ಬೇಯುವ ಹೊತ್ತಿಗೆ ಅವರು ಅಲ್ಲಿರಬೇಕು. ಎರಡನೆಯ ಮಹಡಿಯ ನಮ್ಮ ಮನೆಯ ಹೊರಕೋಣೆಯಲ್ಲಿ ನಾನು ಅಡ್ಡಾ ಹಾಕಿಕೊಂಡಿದ್ದೆ. ಬಟ್ಟೆಯನ್ನು ನಾಲ್ಕೂ ಕಡೆಯಿಂದ ಬಿಗಿಯಾಗಿ ಎಳೆದು ಕಟ್ಟುವ ಮರದ ಚೌಕಟ್ಟಿಗೆ ನಮ್ಮ ಕೆಲಸದಲ್ಲಿ ಅಡ್ಡಾ ಅನ್ನುತ್ತಾರೆ. ಅದು ಬಂದ ಮೇಲೆ ನಮ್ಮ ಮನೆಯಲ್ಲಿ ಕಾಲು ಚಾಚಿ ಕೂತವರಿಲ್ಲ. ಬಂದವರು ಅದರ ಸುತ್ತ ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದರು.

ನೆಲಮಹಡಿಯಲ್ಲಿ ಬಾಯಮ್ಮ ಇದ್ದರು. ನಮ್ಮ ಕರಾವಳಿಯಲ್ಲಿ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ನಾನೂ ಹಾಗೇ ಕರೆದೆ, ಆಮೇಲೆ ಇಡೀ ಕಟ್ಟಡ ಅದನ್ನೇ ಅವರ ಹೆಸರು ಅಂದುಕೊಂಡಿತು. ಮಂಗಳೂರು ಕಡೆಯವರು, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಒಬ್ಬನೇ ಮಗ ಪಾದ್ರಿಯಾಗಲು ಸೆಮಿನರಿಯಲ್ಲಿ ಓದುತ್ತಿದ್ದ. ಕಟ್ಟಡದಲ್ಲಿ ತುಳು ಬರುತ್ತಿದ್ದದ್ದು ನಮ್ಮಿಬ್ಬರ ಮನೆಗೆ ಮಾತ್ರ. ಆ ಒಂದು ಕಾರಣಕ್ಕೆ ನಾವು ಒಬ್ಬರನ್ನೊಬ್ಬರು ಸಹಿಸಿಕೊಂಡೆವು ಅನ್ನಬೇಕು.

ಸಹಿಸಿಕೊಂಡೆವು ಅಂದೆ, ಯಾಕೆಂದರೆ ಅವರ ಬಾಯಿ ಅಂಥದ್ದು. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜಾವಸ್ತ್ರಗಳ ಕಪಾಟಿನ ಬೀಗದಕೈ ಮೂವತ್ತು ವರ್ಷದಿಂದ ಅವರ ಸೊಂಟದಲ್ಲಿತ್ತು. ಹೊಲಿಯುವುದು, ಒಗೆಯುವುದು, ಇಸ್ತ್ರಿ ಹಾಕುವುದು, ಹಳತಾದದ್ದನ್ನು ಬಿಚ್ಚಿ ಜರಿ ಉಳಿಸಿಕೊಳ್ಳುವುದು, ಎಲ್ಲ ಅವರದೇ. ಹಬ್ಬಕ್ಕೆ ಬಿಳಿ, ಹುತಾತ್ಮರ ದಿನಕ್ಕೆ ಕೆಂಪು, ಉಪವಾಸದ ಕಾಲಕ್ಕೆ ನೇರಳೆ, ಏನೂ ಇಲ್ಲದ ಭಾನುವಾರಗಳಿಗೆ ಹಸಿರು. ವರ್ಷಕ್ಕೆ ಬರೀ ಎರಡು ಭಾನುವಾರ ತೊಡುವ ಗುಲಾಬಿ ಬಣ್ಣದ್ದೂ ಒಂದಿತ್ತು. ಅದಕ್ಕೆ ನುಸಿಗುಳಿಗೆ ಹಾಕುವ ಭಕ್ತಿಯನ್ನು ನೋಡಬೇಕಿತ್ತು. ನನ್ನ ರವಿಕೆ ಯಾವುದೇ ಇರಲಿ, ಅವರು ಮೊದಲು ಮಾಡುತ್ತಿದ್ದದ್ದು ಅದನ್ನು ಮಗುಚಿ ಹಾಕುವುದು.

"ಅಡಿ ತೋರಿಸು ಮಾರಾಯ್ತಿ. ಮೇಲೆ ಚಂದ ಮಾಡುದು ಯಾರಿಗೂ ಬರ್ತದೆ."

ಅಡಿಯಲ್ಲಿ ಒಂದು ಗಂಟು ದಪ್ಪ ಕಂಡರೆ ಆಯಿತು, ಮುಖ ಹುಳಿ. ರವಿಕೆಯ ಅಡಿಯನ್ನು ಯಾರು ನೋಡುತ್ತಾರೆ? ಮದುಮಗಳ ಬೆನ್ನು ನೋಡುತ್ತದೆಯೇ? ಇದನ್ನು ನೂರು ಸಲ ಕೇಳಿದ್ದೇನೆ. ಪ್ರತಿ ಸಲವೂ ಅವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು.

ಎರಡು ಸಾವಿರದ ಏಳನೆಯ ಇಸವಿಯ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಬಾಯಮ್ಮ ಎರಡು ಮಹಡಿ ಹತ್ತಿ ಬಂದರು. ಕೈಯಲ್ಲಿ ಕೆನೆ ಬಣ್ಣದ ರೇಷ್ಮೆ ಬಟ್ಟೆಯ ದೊಡ್ಡ ಸುರುಳಿ. ನನ್ನ ಅಡ್ಡಾದ ಮೂಲೆಗೆ ಮೊಣಕಾಲು ಬಡಿದುಕೊಂಡು ಕೂತರು. ಅಡ್ಡಾ ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು.

"ನನ್ನ ಕಣ್ಣು ಹೋಯ್ತು," ಅಂದರು. "ಎದುರಿಗೆ ನೀನು ಕೂತದ್ದು ಗೊತ್ತಾಗ್ತದೆ. ನಿನ್ನ ಮೂಗು ಎಲ್ಲಿ ಉಂಟು ಅಂತ ಗೊತ್ತಾಗುದಿಲ್ಲ. ಠಾಣೆಯ ಡಾಕ್ಟ್ರು ಹೇಳಿದ್ರು, ಹೋದದ್ದು ಹೋಯ್ತು, ಇನ್ನು ತಿರುಗಿ ಬರುದಿಲ್ಲ ಅಂತ."

ಮಗನಿಗೆ ಏಪ್ರಿಲ್‌ನಲ್ಲಿ ಗುರುದೀಕ್ಷೆ. ಮೇ ತಿಂಗಳ ಮೊದಲ ಭಾನುವಾರ ನಮ್ಮ ಡೊಂಬಿವಲಿಯ ಇಗರ್ಜಿಯಲ್ಲೇ ಅವನ ಮೊದಲ ಬಲಿಪೂಜೆ. ಅವನು ಸೆಮಿನರಿಗೆ ಹೋದ ದಿನ ಬಾಯಮ್ಮ ಒಂದು ಹರಕೆ ಹೊತ್ತಿದ್ದರು: ಮೊದಲ ಪೂಜೆಗೆ ಅವನು ತೊಡುವ ಮೇಲಂಗಿಯನ್ನು ತಾನೇ ಕೈಯಾರೆ ಹೊಲಿಯುವುದು. ಪಾದ್ರಿಗಳು ಬಿಳಿ ನಿಲುವಂಗಿಯ ಮೇಲೆ ಕೊರಳಿನಿಂದ ಹಾಕಿಕೊಳ್ಳುವ, ತೋಳಿಲ್ಲದೆ ಸುತ್ತಲೂ ಇಳಿಬೀಳುವ ಉಡುಪು ಅದು. ಮಗನ ಓದು ಮುಗಿಯಲು ಇನ್ನೂ ವರ್ಷಗಳಿವೆ ಅಂತ ಮುಂದೂಡುತ್ತ ಬಂದರು. ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು.

"ಹರಕೆ ನನ್ನದು. ಕೈ ನಿನ್ನದು ಕೊಡು," ಅಂದರು.

ಆಗುವುದಿಲ್ಲ ಅನ್ನಬೇಕಿತ್ತು. ಎದುರಿಗೆ ಮದುವೆಯ ಸೀಸನ್, ಮೂಲೆಯಲ್ಲಿ ರವಿಕೆಗಳ ರಾಶಿ. ಆದರೆ ನಾನೂ ತುಳುನಾಡಿನವಳು. ಹರಕೆ ಅಂದಮೇಲೆ ಬಾಯಿ ಮುಚ್ಚಿ ತಲೆ ಆಡಿಸುವುದು ನಮಗೆ ಹುಟ್ಟಿನಿಂದ ಬಂದದ್ದು. ಹರಕೆ ತಪ್ಪಿದವರ ಮನೆಯಲ್ಲಿ ಏನಾಯಿತು ಅನ್ನುವ ಕತೆಗಳನ್ನು ಕೇಳಿಕೊಂಡೇ ನಾನು ಅನ್ನ ತಿಂದು ಬೆಳೆದವಳು. ದೇವರು ಯಾರದ್ದಾದರೂ ಹೆದರಿಕೆ ಒಂದೇ.

ಅವರದ್ದು ಒಂದೇ ಷರತ್ತು. ಪ್ರತಿಯೊಂದು ಹೂವಿನ, ಎಲೆಯ, ಬಳ್ಳಿಯ ಮೊದಲ ಹೊಲಿಗೆ ಅವರದ್ದಾಗಬೇಕು. ಆಗ ಹರಕೆ ಅವರದ್ದೇ ಆಗುತ್ತದಂತೆ. ಇದನ್ನು ಯಾವ ಪಾದ್ರಿಯ ಹತ್ತಿರ ಕೇಳಿಕೊಂಡಿದ್ದರೋ, ತಾವೇ ತೀರ್ಮಾನಿಸಿದ್ದೋ ನನಗೆ ಗೊತ್ತಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಫಜೀತಿ. ದಿನಾ ಮಧ್ಯಾಹ್ನ ಎರಡಕ್ಕೆ ಬರುತ್ತಿದ್ದರು. ನಾನು ಅವರ ಬೆರಳು ಹಿಡಿದು, ಸೂಜಿಯನ್ನು ಗುರುತಿನ ಮೇಲೆ ಇಟ್ಟು, ಚುಚ್ಚಿಸಿ, ಎಳೆಯಿಸಿ, ಆಮೇಲೆ ಮುಂದುವರಿಸಬೇಕು. ಒಂದು ಬಳ್ಳಿಯಲ್ಲಿ ಹದಿನಾಲ್ಕು ಎಲೆ. ನಾನೊಬ್ಬಳೇ ಆದರೆ ಒಂದು ದಿನದ ಕೆಲಸ. ಬಾಯಮ್ಮನ ಮೊದಲ ಹೊಲಿಗೆ ಸೇರಿದರೆ ಮೂರು ದಿನ. ಅದರ ಮೇಲೆ ಡೊಂಬಿವಲಿಯ ಲೋಡ್ ಶೆಡ್ಡಿಂಗ್. ಅವರು ಬಂದು ಕೂರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಗುತ್ತಿತ್ತು. ಫ್ಯಾನ್ ನಿಂತು ನನ್ನ ಕೈ ಬೆವರಿದರೆ, "ರೇಷ್ಮೆ ಮುಟ್ಟಬೇಡ, ಕಲೆ ಬೀಳ್ತದೆ" ಅನ್ನುವುದು. ಹಾಗಾದರೆ ಎಂತ ಮುಟ್ಟಲಿ ಬಾಯಮ್ಮ ಅಂತ ಕೇಳಿದರೆ, "ಕೈ ತೊಳೆದು ಬಾ, ಪೌಡರ್ ಹಾಕು" ಅನ್ನುವುದು. ನನ್ನ ಮಗಳು ಇಲ್ಲೇ ಹುಟ್ಟಿದವಳು, ನಾವು ತುಳುವಿನಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲೇ. "ಮಮ್ಮೀ, ಆಂಟಿ ಕಾ ಹೋಮ್‌ವರ್ಕ್ ಕಬ್ ಖತಮ್ ಹೋಗಾ?" ಆಂಟಿಯ ಹೋಮ್‌ವರ್ಕ್ ಯಾವಾಗ ಮುಗಿಯುತ್ತದೆ ಅಂತ ಬಾಯಮ್ಮನ ಎದುರಿಗೇ ಕೇಳಿದಳು.

ಕೆಲಸದಲ್ಲಿ ಅವರ ಕಾಟ ಇನ್ನೊಂದು ಬಗೆಯದು. ಕಸೂತಿ ಎದೆಯ ಮೇಲೂ ಬೇಕು, ಬೆನ್ನಿನ ಮೇಲೂ ಬೇಕು. ಈಗ ಪಾದ್ರಿಗಳು ಜನರಿಗೆ ಮುಖ ಮಾಡಿ ಪೂಜೆ ಮಾಡುತ್ತಾರಲ್ಲ, ಬೆನ್ನನ್ನು ನೋಡುವವರು ಯಾರು ಅಂದೆ. ತನ್ನ ಅಮ್ಮನ ಕಾಲದಲ್ಲಿ ಪಾದ್ರಿಗಳು ಪೀಠದ ಕಡೆ ತಿರುಗಿ ನಿಲ್ಲುತ್ತಿದ್ದರು, ಜನ ನೋಡುತ್ತಿದ್ದದ್ದೇ ಬೆನ್ನನ್ನು ಅಂದರು. ಅಮ್ಮನ ಕಾಲ ಹೋಗಿ ಎಷ್ಟೋ ವರ್ಷವಾಯಿತು, ಬೆನ್ನಿನ ಕೆಲಸ ಮಾತ್ರ ನನ್ನ ಪಾಲಿಗೆ ಉಳಿಯಿತು. ಬೆನ್ನಿನ ಜರಿ ಎದೆಯದ್ದಕ್ಕಿಂತ ಭಾರವಾದರೆ ಅಂಗಿ ಹಿಂದಕ್ಕೆ ಜಾರಿ ಪಾದ್ರಿಯ ಕೊರಳು ಹಿಡಿಯುತ್ತದೆ ಅಂತ, ನಡುನಡುವೆ ಬಟ್ಟೆಯನ್ನು ಅಡ್ಡಾದಿಂದ ಬಿಚ್ಚಿಸಿ ತಮ್ಮ ಭುಜದ ಮೇಲೆ ಹಾಕಿಕೊಂಡು ತೂಗಿ ನೋಡುತ್ತಿದ್ದರು. ಬಿಚ್ಚಿದ್ದನ್ನು ಮತ್ತೆ ಎಳೆದು ಕಟ್ಟಲು ಅರ್ಧ ದಿನ. ಜರಿಯ ಚೂರು ಉದುರಿ ಪೂಜೆಯ ಪಾತ್ರೆಗೆ ಬೀಳಬಾರದು ಅಂತ ಪ್ರತಿ ಎಳೆಗೂ ಎರಡೆರಡು ಗಂಟು. ಆ ಗಂಟು ದಪ್ಪವೂ ಆಗಬಾರದು. ಕಣ್ಣು ಕಾಣದವರು ಬೆರಳಿನಲ್ಲೇ ಅಡಿಯನ್ನು ಸವರಿ, "ಇಲ್ಲಿ ಒಂದು ಎದ್ದಿದೆ" ಅಂತ ಹಿಡಿದುಬಿಡುತ್ತಿದ್ದರು. ಹಾಳಾದ್ದು, ಪ್ರತಿ ಸಲವೂ ಅವರು ಹೇಳಿದ್ದೇ ಸರಿಯಿರುತ್ತಿತ್ತು.

ಚಿತ್ರ ಅವರ ಅಮ್ಮನ ಕಾಲದ್ದು. ಟ್ರೇಸಿಂಗ್ ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿದ್ದು. ಕಾಗದವನ್ನು ಬಟ್ಟೆಯ ಮೇಲಿಟ್ಟು ಪುಡಿ ಉಜ್ಜಿದರೆ ಚುಕ್ಕೆ ಚುಕ್ಕೆಯಾಗಿ ಚಿತ್ರ ಇಳಿಯುತ್ತದೆ. ಎರಡು ವರ್ಷದ ಹಿಂದೆ ಜುಲೈಯಲ್ಲಿ ಕಲ್ಯಾಣ, ಡೊಂಬಿವಲಿ, ಬದಲಾಪುರ ಎಲ್ಲ ಮುಳುಗಿದಾಗ ಬಾಯಮ್ಮನ ನೆಲಮಹಡಿಯ ಮನೆಗೆ ಸೊಂಟದವರೆಗೆ ನೀರು ಬಂದಿತ್ತು. ಕಾಗದದ ಮೇಲರ್ಧ, ಅಂದರೆ ಬಳ್ಳಿ ಮತ್ತು ದ್ರಾಕ್ಷಿ ಗೊಂಚಲು, ಹೇಗೋ ಉಳಿದಿತ್ತು. ಕೆಳಗಿನರ್ಧ ಕರಗಿ ಮುದ್ದೆಯಾಗಿತ್ತು.

"ಕೆಳಗೆ ಮೂರು ಗೋಧಿ ತೆನೆ," ಅಂದರು ಬಾಯಮ್ಮ. "ಪೂಜೆಯ ರೊಟ್ಟಿ ಗೋಧಿಯದ್ದು, ವೈನ್ ದ್ರಾಕ್ಷಿಯದ್ದು. ಎರಡೂ ಬೇಕು. ನೀನೇ ಬರಿ. ತೆನೆ ಬರೆಯುದಕ್ಕೆ ಎಂತ ದೊಡ್ಡ ವಿದ್ಯೆ?"

ಗೋಧಿ ಅಂತ ಸ್ಪಷ್ಟವಾಗಿಯೇ ಹೇಳಿದರು, ನಾನೂ ಸ್ಪಷ್ಟವಾಗಿಯೇ ಕೇಳಿಸಿಕೊಂಡೆ. ಆದರೆ ಗೋಧಿಯ ಪೈರನ್ನು ನಾನು ಎಲ್ಲಿ ನೋಡಬೇಕು? ನಮ್ಮೂರಲ್ಲಿ ಗೋಧಿ ಬೆಳೆಯುವುದಿಲ್ಲ. ಡೊಂಬಿವಲಿಗೆ ಬಂದ ಮೇಲೆ ಅದನ್ನು ಅಂಗಡಿಯಿಂದ ಕಾಳಾಗಿ ತಂದು ಚಕ್ಕಿಯಲ್ಲಿ ಹಿಟ್ಟು ಮಾಡಿಸಿದ್ದಷ್ಟೇ ಗೊತ್ತು. ನನ್ನ ಬಾಗಿಲ ಮೇಲೆ ಒಣಗಿದ ತೆನೆಯೊಂದು ತೂಗುತ್ತಿತ್ತು. ಸೆಪ್ಟೆಂಬರಿನಲ್ಲಿ ಮಂಗಳೂರಿನ ಕ್ರೈಸ್ತರು ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಮಂತ್ರಿಸಿ ಮನೆಗೆ ತರುತ್ತಾರೆ. ನಾವೂ ಊರಲ್ಲಿ ಹೊಸ ತೆನೆಯನ್ನು ಬಾಗಿಲಿಗೆ ಕಟ್ಟುವವರೇ. ಬಾಯಮ್ಮ ಪ್ರತಿ ವರ್ಷ ಟ್ರೈನ್ ಹಿಡಿದು ಹೋಗಿ ಬದಲಾಪುರದ ಆಚೆಯ ಯಾವುದೋ ಗದ್ದೆಯಿಂದ ತೆನೆ ತರುತ್ತಿದ್ದರು, ನನಗೂ ಒಂದು ಕೊಡುತ್ತಿದ್ದರು. ಆ ತೆನೆಯನ್ನೇ ಇಳಿಸಿ ಎದುರಿಗಿಟ್ಟುಕೊಂಡೆ. ಗೋಧಿಯದ್ದೂ ಹೆಚ್ಚುಕಮ್ಮಿ ಹೀಗೇ ಇರುತ್ತದೆ ಅಂತ ನನ್ನ ಅಂದಾಜು.

ಮತ್ತು ಆ ತೆನೆಗಳನ್ನು ನಾನು ಎಂಥ ಚಂದ ಮಾಡಿದೆ! ಒಂದೊಂದು ಕಾಳಿನ ಅಡಿಗೂ ಹತ್ತಿಯ ದಾರ ತುಂಬಿಸಿ ಉಬ್ಬಿಸಿದೆ, ಮೇಲೆ ಸಣ್ಣ ಸುರುಳಿಯ ಜರಿ ಮುಚ್ಚಿದೆ. ಹಳದಿ ಹೊಳಪಿನದ್ದಲ್ಲ, ಸ್ವಲ್ಪ ಮಾಸಿದ ಬಣ್ಣದ್ದೇ ಆಗಬೇಕು ಅಂತ ಉಲ್ಲಾಸನಗರದ ಅಂಗಡಿಗಳನ್ನು ಮೂರು ಸಲ ಅಲೆದು ತಂದ ಜರಿ ಅದು. ಕಾಳಿನ ಭಾರಕ್ಕೆ ತೆನೆ ಬಾಗುವುದಿದೆಯಲ್ಲ, ಆ ಬಾಗನ್ನು ನಾನು ಸಣ್ಣವಳಿದ್ದಾಗ ಗದ್ದೆಯ ಬದುವಿನಲ್ಲಿ ನಿಂತು ನೋಡಿದವಳು, ಅದು ಕೈಗೆ ತಾನಾಗಿ ಬಂತು. ಬಾಯಮ್ಮ ಕಾಂಡದ ಬುಡಕ್ಕೆ ತಮ್ಮ ಮೊದಲ ಹೊಲಿಗೆ ಹಾಕಿದರು, ಮುಗಿದ ಮೇಲೆ ಬೆರಳಿನಿಂದ ಸವರಿದರು, ಅಡಿಯನ್ನೂ ಸವರಿದರು. ಏನೂ ಹೇಳಲಿಲ್ಲ. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ನನಗೆ ನಿಜವಾಗಿ ಹೆಮ್ಮೆಯಾಯಿತು.

ಪೂಜೆಗೆ ಸರಿಯಾಗಿ ಒಂದು ವಾರ ಇದ್ದಾಗ, ಭಾನುವಾರ, ಬಟ್ಟೆಯನ್ನು ಮಡಚಿ ಅವರ ಕೈಗೆ ಕೊಟ್ಟೆ. ಸೋಮವಾರ ಲೋಡ್ ಶೆಡ್ಡಿಂಗಿನ ದೆಸೆಯಿಂದ ಚಕ್ಕಿಯ ಮೋಟಾರು ಸುಟ್ಟುಹೋಯಿತು ಅಂತ ನನ್ನ ಗಂಡ ಅಂಗಡಿಯಿಂದ ಹಿಟ್ಟಿನ ಚೀಲ ತಂದರು. ಚೀಲದ ಮೇಲೆ ಬಣ್ಣದ ಚಿತ್ರ. ನೆಟ್ಟಗೆ ನಿಂತ ತೆನೆ, ಕಾಳು ಒಂದಕ್ಕೊಂದು ಜಡೆ ಹೆಣೆದ ಹಾಗೆ, ತುದಿಯಲ್ಲಿ ಉದ್ದುದ್ದ ಮೀಸೆ. ಚಪಾತಿಗೆ ಹಿಟ್ಟು ಕಲಸಲು ಬಗ್ಗಿದವಳು ಹಾಗೇ ನಿಂತೆ. ನಾನು ಪಾದ್ರಿಯ ಎದೆಯ ಮೇಲೆ ಮೂರು, ಬೆನ್ನಿನ ಮೇಲೆ ಮೂರು ಭತ್ತದ ತೆನೆ ಹಾಕಿ ಕೊಟ್ಟಿದ್ದೆ.

ಆದರೆ ದಾರಿ ಇತ್ತು. ಬಿಚ್ಚಿದರೆ ರೇಷ್ಮೆಯಲ್ಲಿ ಸೂಜಿಯ ತೂತು ಉಳಿಯುತ್ತದೆ, ಅದು ಆಗದ ಮಾತು. ಬೇರೆ ಬಟ್ಟೆಯ ಮೇಲೆ ಗೋಧಿ ತೆನೆ ಮಾಡಿ, ಕತ್ತರಿಸಿ, ಭತ್ತದ ಮೇಲೆ ಕೂರಿಸಿ ಹೊಲಿದುಬಿಡಬಹುದು. ಆರು ದಿನ ಸಾಕಿತ್ತು. ಹಿಟ್ಟಿನ ಕೈಯಲ್ಲೇ ಚೀಲ ಹಿಡಿದುಕೊಂಡು ಕೆಳಗೆ ಓಡಿದೆ.

ಬಾಯಮ್ಮನ ಬಾಗಿಲು ತೆರೆದಿತ್ತು. ಒಳಗೆ ಇಗರ್ಜಿಯ ಇಬ್ಬರು ಹೆಂಗಸರು ಮೇಲಂಗಿ ನೋಡಲು ಬಂದಿದ್ದರು. ಬಾಯಮ್ಮ ಅವರಿಗೆ ಕೊಂಕಣಿಯಲ್ಲಿ ಹೇಳುತ್ತಿದ್ದರು. ನನಗೆ ಕೊಂಕಣಿ ಆಡಲು ಬಾರದು, ಅರ್ಥವಾಗುತ್ತದೆ. ಎಲ್ಲ ತಾನೇ ಹೊಲಿದದ್ದು, ಒಂದೊಂದು ಎಳೆಯೂ ತನ್ನ ಕೈಯದ್ದೇ, ಮಗನಿಗೂ ಹಾಗೇ ಹೇಳಿದ್ದೇನೆ ಅಂತ. ಮೇಲಿನ ಮನೆಯವಳು ಸ್ವಲ್ಪ ಸಹಾಯ ಮಾಡಿದಳು ಅಂತಲೂ ಇಲ್ಲ. ನನ್ನ ಸುದ್ದಿಯೇ ಇಲ್ಲ.

ಐದು ತಿಂಗಳು! ನನ್ನ ಮದುವೆ ಸೀಸನ್, ನನ್ನ ಕಣ್ಣು, ನನ್ನ ಕುತ್ತಿಗೆ ನೋವು, ಉಲ್ಲಾಸನಗರದ ಧೂಳು. ನನಗೆ ಸಿಟ್ಟು ತಲೆಗೆ ಏರಿತು. ಮೆಟ್ಟಿಲ ಮೇಲೆ ನಿಂತಲ್ಲಿಂದಲೇ ತಿರುಗಿದೆ. ಎಲ್ಲ ಅವರೇ ಹೊಲಿದದ್ದಾದರೆ ಭತ್ತವೂ ಅವರದ್ದೇ ಆಗಲಿ ಅಂದುಕೊಂಡೆ. ಮನೆಗೆ ಬಂದು ಹಿಟ್ಟನ್ನು ಡಬ್ಬಕ್ಕೆ ಸುರಿದು ಚೀಲವನ್ನು ಮುದುಡಿ ಬಿಸಾಡಿದೆ. ಆರು ದಿನ ಕೆಳಗೆ ಇಳಿದರೂ ಅವರ ಬಾಗಿಲ ಕಡೆ ತಿರುಗಿ ನೋಡಲಿಲ್ಲ.

ಮೊದಲ ಪೂಜೆಯ ದಿನ ಪಟ್ಟೆ ಸೀರೆ ಉಟ್ಟು ಹೋದೆ, ಹಿಂದಿನ ಬೆಂಚಿನಲ್ಲಿ ಕೂತೆ. ಹೊಸ ಪಾದ್ರಿ ಒಳಗೆ ಬಂದ. ಚಡ್ಡಿ ಹಾಕಿಕೊಂಡು ನಮ್ಮ ಕಟ್ಟಡದ ಅಂಗಳದಲ್ಲಿ ಕ್ರಿಕೆಟ್ ಆಡಿ ನನ್ನ ಕಿಟಕಿಯ ಗಾಜು ಒಡೆದವನು ಅವನು. ಅವನು ಕೈ ಎತ್ತಿದಾಗ ಅಂಗಿ ಎರಡೂ ಕಡೆ ಸಮನಾಗಿ ಇಳಿಯಿತು, ಕೊರಳು ಹಿಡಿಯಲಿಲ್ಲ, ಒಂದು ನೆರಿಗೆ ಬೀಳಲಿಲ್ಲ. ದೀಪದ ಬೆಳಕಿಗೆ ಜರಿ ಅಷ್ಟಷ್ಟೇ ಮಿನುಗಿತು. ಸಿಟ್ಟಿನಲ್ಲೂ ಅದರಿಂದ ಕಣ್ಣು ಕೀಳಲಾಗಲಿಲ್ಲ, ಸುಳ್ಳು ಹೇಳುವುದಿಲ್ಲ. ಯಾರಿಗೂ ಏನೂ ಗೊತ್ತಾಗಲಿಲ್ಲ. ಮುಂಬಯಿಯಲ್ಲಿ ಹುಟ್ಟಿ ಬೆಳೆದವರಿಗೆ ಭತ್ತವೂ ಒಂದೇ ಗೋಧಿಯೂ ಒಂದೇ, ಬದುಕಿಕೊಂಡೆ ಅಂತಿದ್ದೆ.

ಪೂಜೆ ಮುಗಿದು ಅಂಗಳದಲ್ಲಿ ಎಲ್ಲರೂ ಸಾಲಾಗಿ ಬಂದು ಹೊಸ ಪಾದ್ರಿಯ ಕೈಗೆ ಮುತ್ತಿಡುತ್ತಿದ್ದರು. ಪಕ್ಕದಲ್ಲಿ ಬಾಯಮ್ಮ. ಆ ಸಾಲಿನಲ್ಲಿ ಇಗರ್ಜಿಯ ಅಲಂಕಾರ ನೋಡಿಕೊಳ್ಳುವ ಹೆಂಗಸು ಬಂದಳು. ಅವಳು ನಾಸಿಕದ ಕಡೆಯ ಮರಾಠಿ ಕ್ರೈಸ್ತಳು, ಅಪ್ಪ ರೈತ. ಮುತ್ತಿಡಲು ಬಗ್ಗಿದವಳ ಕಣ್ಣು ತೆನೆಯ ಮೇಲೆ ಬಿತ್ತು. "ಹಾ ಗಹೂ ನಾಹೀ," ಅಂದಳು, ಇದು ಗೋಧಿ ಅಲ್ಲ. ಬೆರಳಿಟ್ಟು ನೋಡಿ, "ಹೇ ತರ್ ಭಾತ್ ಆಹೇ," ಇದು ಭತ್ತ ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಆಶ್ಚರ್ಯದಿಂದ ಅಂದದ್ದು. ಆದರೆ ದನಿ ದೊಡ್ಡದು. ಸಾಲು ನಿಂತಿತು. ಒಬ್ಬರು ಬಗ್ಗಿ ನೋಡಿದರು, ಇನ್ನೊಬ್ಬರು ನಕ್ಕರು, ಯಾರೋ ಬಾಯಮ್ಮನನ್ನೇ ಕೇಳಿದರು, ಇದನ್ನು ಯಾರು ಮಾಡಿದ್ದು ಅಂತ.

ನಾನು ನಾಲ್ಕು ಮಾರು ದೂರದಲ್ಲಿದ್ದೆ. ಈಗ ನನ್ನ ಹೆಸರು ಬರುತ್ತದೆ ಅಂದುಕೊಂಡೆ. ಹೊಗಳಿಕೆಗೆ ಬಾರದ ಹೆಸರು ಬೈಗುಳಕ್ಕೆ ಖಂಡಿತ ಬರುತ್ತದೆ. ಬಾಯಮ್ಮ ಕೈ ಚಾಚಿ, ಮಗನ ಎದೆಯ ಮೇಲಿನ ತೆನೆಯನ್ನು ಬೆರಳಿನಿಂದ ಒಮ್ಮೆ ಮೇಲಿನಿಂದ ಕೆಳಗೆ ಸವರಿದರು.

"ನಾನೇ ಮಾಡಿದ್ದು," ಅಂದರು ಹಿಂದಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ನನಗೆ ಕಣ್ಣು ಕಾಣುವುದಿಲ್ಲ. ತಪ್ಪಾಯಿತು."

ಕಣ್ಣಿನ ವಿಷಯ ಅಲ್ಲಿಯವರೆಗೆ ಇಗರ್ಜಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಮಗನಿಗೂ. ಕಪಾಟಿನ ಕೆಲಸವನ್ನೆಲ್ಲ ಅವರು ಬೆರಳಿನ ಅಭ್ಯಾಸದಲ್ಲೇ ನಡೆಸಿಕೊಂಡು ಬಂದಿದ್ದರು. ನಾನು ಬಾಯಿ ತೆರೆಯಬೇಕಿತ್ತು. ಒಂದು ಹೆಜ್ಜೆ ಮುಂದೆ ಹೋಗಿ, ಮಾಡಿದವಳು ನಾನು ಅಂದರೆ ಮುಗಿಯುತ್ತಿತ್ತು. ಆದರೆ ಆಗ ಹರಕೆಯ ಮಾತು ಬರುತ್ತದೆ, ಆರು ದಿನದ ಮಾತೂ ಬರುತ್ತದೆ. ನಾನು ಸೆರಗು ಸರಿಮಾಡಿಕೊಳ್ಳುತ್ತ ನಿಂತೆ. ನನ್ನ ಕೆಲಸ ತನ್ನದು ಅಂದಿದ್ದ ಹೆಂಗಸು ನನ್ನ ತಪ್ಪನ್ನೂ ತನ್ನದೇ ಮಾಡಿಕೊಂಡಳು ಅಂತ ಆ ಹೊತ್ತಿನಲ್ಲೂ ನನಗೆ ಸಿಟ್ಟೇ ಬಂತು.

ಮುಂದಿನ ಭಾನುವಾರ ದೊಡ್ಡ ಪಾದ್ರಿಗಳು ಬಾಯಮ್ಮನನ್ನು ಕರೆದು, ಬಹಳ ವರ್ಷ ದುಡಿದಿರಿ, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಅಂದರಂತೆ. ಕಪಾಟಿನ ಬೀಗದಕೈ ನಾಸಿಕದವಳ ಕೈಗೆ ಹೋಯಿತು. ಬಾಯಮ್ಮ ಇಗರ್ಜಿಯಿಂದ ಬರುವುದನ್ನು ಕಿಟಕಿಯಿಂದ ನೋಡಿದೆ. ಬಲಗೈ ಅಭ್ಯಾಸಬಲದಿಂದ ಸೊಂಟದ ಹತ್ತಿರ ಹೋಗಿ ಹೋಗಿ ಬರುತ್ತಿತ್ತು. ಅನ್ನ ಒಲೆಯ ಮೇಲೆ ಬಿಟ್ಟು ಕೆಳಗೆ ಹೋದೆ.

ಎಲ್ಲ ಹೇಳಿದೆ. ಹಿಟ್ಟಿನ ಚೀಲ, ಮೆಟ್ಟಿಲ ಮೇಲೆ ಕೇಳಿಸಿಕೊಂಡದ್ದು, ಆರು ದಿನ. ಅಮ್ಮಾ ತಾಯಿ, ನನ್ನನ್ನು ಕ್ಷಮಿಸಿ ಅಂದೆ. ಅವರು ಸಮಾಧಾನ ಹೇಳುತ್ತಾರೆ ಅಂತ ಒಳಗೊಳಗೆ ಆಸೆ ಇತ್ತು. ಎಲ್ಲಿಯ ಸಮಾಧಾನ!

"ಆರು ದಿನ ಮೊದ್ಲೇ ಗೊತ್ತಿತ್ತಾ?" ಅಂದರು. "ಗೊತ್ತಿದ್ದೂ ನನ್ನ ಮಗನ ಮೈಮೇಲೆ ಹಾಕಿಸಿದೆಯಾ? ನಿನಗೆ ಸಿಟ್ಟು ಬಂದ್ರೆ ನನ್ನ ಕೆನ್ನೆಗೆ ಹೊಡೀಬೇಕಿತ್ತು. ಪೂಜೆಗೆ ಯಾಕೆ ಹೊಡ್ದೆ?"

"ನೀವು ಎಲ್ಲ ನಾನೇ ಹೊಲಿದದ್ದು ಅಂದ್ರಲ್ಲ?"

"ಮತ್ತೆ ಎಂತ ಹೇಳ್ಬೇಕಿತ್ತು? ಹರಕೆ ತೀರ್ಲಿಲ್ಲ ಅಂತ ಊರಿಗೆಲ್ಲ ಹೇಳ್ಬೇಕಿತ್ತಾ? ಮಗ ಕೇಳಿದ, ಅಮ್ಮಾ ನೀನೇ ಮಾಡಿದ್ದಾ ಅಂತ. ಅವನಿಗೆ ಎಂತ ಹೇಳ್ಲಿ?"

ನಾನು ಸೋಲೊಪ್ಪದೆ ಕೇಳಿದೆ, ಕಾಳಿನ ಅಡಿಯ ಗಂಟು ಹಿಡಿಯುವ ಬೆರಳಿಗೆ ಭತ್ತ ಅಂತ ಯಾಕೆ ಗೊತ್ತಾಗಲಿಲ್ಲ ಬಾಯಮ್ಮ?

"ಗೋಧಿ ಹೇಗುಂಟು ಅಂತ ನಂಗೆ ಗೊತ್ತಿದ್ರೆ ಅಲ್ವಾ," ಅಂದರು. "ಮೂವತ್ತು ವರ್ಷ ಅಮ್ಮನ ಕಾಗದ ಇಟ್ಟು, ಚುಕ್ಕೆ ಇದ್ದಲ್ಲಿ ಸೂಜಿ ಚುಚ್ಚಿದ್ದು ಅಷ್ಟೇ. ಗಿಡ ಯಾರು ನೋಡಿದ್ದಾರೆ? ಬೆರಳಿಗೆ ನಮ್ಮ ಗದ್ದೆಯದ್ದೇ ಸಿಕ್ಕಿತು, ಸರಿಯಾಗಿ ಉಂಟು ಅಂದುಕೊಂಡೆ." ಆಮೇಲೆ ಬಾಗಿಲು ತೋರಿಸಿದರು. "ಈಗ ಹೋಗು."

ಮೇ ಹೋಯಿತು, ಮಳೆ ಬಂತು, ಅವರು ನನ್ನ ಹತ್ತಿರ ಮಾತಾಡಲಿಲ್ಲ. ನಾನು ಎದುರಿಗೆ ಬಂದದ್ದು ಹೆಜ್ಜೆಯ ಸದ್ದಿನಲ್ಲೇ ಗೊತ್ತಾಗಿ ಮುಖ ತಿರುಗಿಸುತ್ತಿದ್ದರು. ಸೆಪ್ಟೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಹಾಲಿಗೆ ಬಾಗಿಲು ತೆರೆದರೆ, ಚಿಲಕಕ್ಕೆ ಹೊಸ ತೆನೆ ಸಿಕ್ಕಿಸಿತ್ತು. ಆ ಕಣ್ಣಿನಲ್ಲಿ ಯಾರನ್ನು ಹಿಡಿದುಕೊಂಡು ಬದಲಾಪುರಕ್ಕೆ ಹೋಗಿದ್ದರೋ, ಆ ಟ್ರೈನಿನ ನೂಕಾಟದಲ್ಲಿ ಹೇಗೆ ಹತ್ತಿ ಇಳಿದರೋ. ಎರಡು ಮಹಡಿಯನ್ನಂತೂ ಕಂಬಿ ಹಿಡಿದೇ ಹತ್ತಿರಬೇಕು. ನಾನು ಕೆಳಗೆ ಹೋಗಿ ಬಾಗಿಲು ಬಡಿದೆ. ಚಹಾ ಕುಡಿದೆವು. ಇಬ್ಬರೂ ಬಟ್ಟೆಯ ಸುದ್ದಿ ಎತ್ತಲಿಲ್ಲ. ಮುಂದಿನ ವರ್ಷದಿಂದ ತೆನೆ ತರಲು ನಾನೇ ಅವರನ್ನು ಕರೆದುಕೊಂಡು ಹೋದೆ, ಇಡೀ ದಾರಿ ಅವರು ನನ್ನ ಮೇಲೆ ರೇಗುತ್ತಿದ್ದರು.

ಹತ್ತು ವರ್ಷ ಕಳೆಯಿತು. ಮಗನಿಗೆ ನವಿ ಮುಂಬಯಿಯ ನೆರೂಳಿಗೆ ವರ್ಗವಾಗಿತ್ತು. ಪಾದ್ರಿಯಾಗಿ ಹತ್ತು ವರ್ಷ ತುಂಬಿದ್ದಕ್ಕೆ ಅಲ್ಲಿ ಪೂಜೆ ಇಟ್ಟುಕೊಂಡ. ಬಾಯಮ್ಮನಿಗೆ ಅಷ್ಟರಲ್ಲಿ ಬೆಳಕು ಕತ್ತಲೆಯ ವ್ಯತ್ಯಾಸವೂ ಹೋಗಿತ್ತು. ಟ್ಯಾಕ್ಸಿಯಲ್ಲಿ ನಾನೇ ಕರೆದುಕೊಂಡು ಹೊರಟೆ, ಶೀಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ನಿಂತೆವು. ಅದಕ್ಕೂ ನಾನೇ ಕಾರಣ, ಬೇಗ ಹೊರಡಬೇಕಿತ್ತಂತೆ. ಬೇಗ ಹೊರಡೋಣ ಅಂದರೆ ಹತ್ತು ಸಲ ಸೀರೆಯ ನೆರಿಗೆ ಬಿಚ್ಚಿ ಕಟ್ಟಿಸಿದವರು ಯಾರು?

ಈ ಸಲ ಮುಂದಿನ ಬೆಂಚು. ಅವನು ಅದೇ ಮೇಲಂಗಿ ತೊಟ್ಟು ಬಂದ. ಪ್ರವಚನದಲ್ಲಿ ಎದೆಯ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ಹೇಳಿದ, ಇದರಲ್ಲಿ ಗೋಧಿ ಇರಬೇಕಿತ್ತು, ಇರುವುದು ಭತ್ತ, ಯಾಕೆಂದರೆ ಇದನ್ನು ಮಾಡಿದ ಕೈಗೆ ಗೊತ್ತಿದ್ದದ್ದು ತನ್ನ ಊರಿನ ಗದ್ದೆ ಮಾತ್ರ, ನನ್ನ ತಾಯಿಯ ಹರಕೆ ಇದು ಅಂತ. ಜನ ಬಾಯಮ್ಮನ ಕಡೆ ತಿರುಗಿ ನೋಡಿದರು. ನನ್ನೊಳಗೆ ಹಳೆಯ ಸಿಟ್ಟು ಮತ್ತೆ ಭುಗಿಲೆಂದಿತು. ನನ್ನ ಊರಿನ ಗದ್ದೆ ಅದು! ನಾನು ಕೂತಲ್ಲೇ ಮಿಸುಕಿರಬೇಕು. ಬಾಯಮ್ಮ ನನ್ನ ಮಣಿಕಟ್ಟು ಹಿಡಿದು ಉಗುರು ಊರುವಷ್ಟು ಒತ್ತಿದರು. ನಾನು ಬಾಯಿ ಬಿಡಲಿಲ್ಲ. ಹತ್ತು ವರ್ಷದ ಹಿಂದೆ ಅಂಗಳದಲ್ಲಿ ನಿಂತಾಗ ಬಾಯಿ ಬಿಡದೆ ಇದ್ದದ್ದು ನನಗೋಸ್ಕರ. ಈ ಸಲ ಅವರಿಗೋಸ್ಕರ.

ಪೂಜೆ ಮುಗಿದ ಮೇಲೆ ಅವನು ಹೊರಗೆ ಬಂದ. ಮೇಲಂಗಿಯನ್ನು ಮಡಚಿ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ತಂದಿದ್ದ. ಅಮ್ಮನ ಪಕ್ಕದಲ್ಲಿ ಕೂತು, ಅವರ ಕೈ ಹಿಡಿದುಕೊಂಡು, "ಅಮ್ಮಾ, ಬೆನ್ನಿನ ಕಡೆ ಒಂದು ತೆನೆಯ ಜರಿ ಎದ್ದಿದೆ. ಸರಿ ಮಾಡಿ ಕೊಡ್ತೀಯಾ?" ಅಂದ.

ಕಣ್ಣಿಲ್ಲದ ಬಾಯಮ್ಮ ಗಂಭೀರವಾಗಿ, "ಹ್ಞೂಂ, ಕೊಡ್ತೇನೆ. ಅವಸರ ಮಾಡ್ಬೇಡ," ಅಂದರು.

ಅವನು ತಲೆಯಾಡಿಸಿದ. ಆಮೇಲೆ ಚೀಲವನ್ನು ಮೆಲ್ಲಗೆ ಎತ್ತಿ, ಸದ್ದು ಮಾಡದೆ ನನ್ನ ಮಡಿಲಲ್ಲಿ ಇಟ್ಟ. ನನ್ನ ಕಣ್ಣನ್ನೇ ನೋಡಿ ಎರಡೂ ಕೈ ಮುಗಿದ.

ಆ ಬಣ್ಣದ ಜರಿ ಈಗ ಉಲ್ಲಾಸನಗರದಲ್ಲಿ ಸಿಗುವುದಿಲ್ಲ, ಅದು ಅವನಿಗೆಲ್ಲಿ ಗೊತ್ತು. ಮರುದಿನ ಮಧ್ಯಾಹ್ನ ಎರಡಕ್ಕೆ ಅಡ್ಡಾದ ಮೇಲಿದ್ದ ರವಿಕೆ ಬಿಚ್ಚಿ, ಧೂಳು ಒರೆಸಿ, ಬಾಯಮ್ಮನನ್ನು ಕರೆಯಲು ಕೆಳಗೆ ಹೋದೆ. ಮೊದಲ ಹೊಲಿಗೆ ಅವರದ್ದೇ ಆಗಬೇಕಲ್ಲ.